ಒಂಬತ್ತನೇ ಮತ

ಕಾನೂನಿನ ಪ್ರಕಾರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷ ಎಂಬುದೇ ಇಲ್ಲ. ಬಾವುಟ ಇಲ್ಲ, ಪಕ್ಷದ ಗುರುತಿಲ್ಲ. ಎಲ್ಲರೂ ಆಟೋ, ಮಡಕೆ, ಹೊಲಿಗೆ ಯಂತ್ರದ ಚಿಹ್ನೆಯಲ್ಲಿ ನಿಲ್ಲುವವರೇ. ಆದರೆ ಗುಂಡ್ಲುಪೇಟೆ ತಾಲ್ಲೂಕಿನ ನಮ್ಮ ಪಂಚಾಯಿತಿಯ ಯಾವ ಟೀ ಅಂಗಡಿಯಲ್ಲಾದರೂ ಕೇಳಿ ನೋಡಿ, ಯಾವ ಮನೆ ಯಾವ ಪಕ್ಷವೆಂದು ಟೀ ಸೋಸುವಷ್ಟರಲ್ಲಿ ಹೇಳಿಬಿಡುತ್ತಾರೆ. ಪಂಚಾಯಿತಿಯ ಹೆಸರು ಇಲ್ಲಿ ಬೇಡ. ನನಗೆ ತಿಳಿವಳಿಕೆ ಬಂದಾಗಿನಿಂದ ಅಲ್ಲಿ ಗೆಲ್ಲುತ್ತಿದ್ದುದು ಒಂದೇ ಪಕ್ಷ, ಆಳುತ್ತಿದ್ದುದು ಒಂದೇ ಮನೆ. ಆ ಮನೆಯ ಹಿರಿಯರನ್ನು ಹಳೇ ಅಧ್ಯಕ್ಷರು ಎಂದೇ ಕರೆಯುತ್ತೇನೆ. ಸ್ಥಾನ ಮಹಿಳೆಗೆ ಮೀಸಲಾದಾಗ ಅವರ ಹೆಂಡತಿ ಅಧ್ಯಕ್ಷೆಯಾದರು, ಕುರ್ಚಿಯಲ್ಲಿ ಮಾತ್ರ ಇವರೇ ಕೂತರು. ಕಾಗದಗಳು ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿದ್ದವು. ಅದನ್ನು ತಪ್ಪೆಂದು ಯಾರೂ ತಿಳಿದಿರಲಿಲ್ಲ.

ನಾನು ವಿರೋಧ ಪಕ್ಷದವಳು. ಗುಂಡ್ಲುಪೇಟೆ ಬಸ್ ನಿಲ್ದಾಣದ ಹಿಂದೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಬಾಯಿ ಜೋರು, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅದಿಲ್ಲದಿದ್ದರೆ ಆ ಊರಿನಲ್ಲಿ ಮತ್ತೆ ಮತ್ತೆ ಸೋತು ಮತ್ತೆ ಮತ್ತೆ ನಿಲ್ಲಲು ಆಗುತ್ತಿರಲಿಲ್ಲ. ಈ ಸಲ ನಾನೂ ಗೆದ್ದೆ, ಹದಿನೇಳು ಸದಸ್ಯರಲ್ಲಿ ನಮ್ಮ ಕಡೆ ಒಂಬತ್ತು ಮಂದಿ ಆದರು. ಅಧ್ಯಕ್ಷ ಸ್ಥಾನ ಸಾಮಾನ್ಯ ಮಹಿಳೆಗೆ ಬಂತು. ನಮ್ಮ ಕಡೆಯಿಂದ ನಾನು, ಅವರ ಕಡೆಯಿಂದ ಹಳೇ ಅಧ್ಯಕ್ಷರ ಸೊಸೆ. ಆಕೆ ಮದುವೆಗೆ ಮುಂಚೆ ಚಾಮರಾಜನಗರದ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಪ್ರಚಾರದಲ್ಲಿ ಮಾವನ ಹಿಂದೆ ಕೈಮುಗಿದು ನಡೆದದ್ದು ಬಿಟ್ಟರೆ ಆಕೆಯ ದನಿಯನ್ನೇ ನಾನು ಕೇಳಿರಲಿಲ್ಲ.

ಗೆದ್ದ ಸದಸ್ಯರೇ ಗುಪ್ತ ಮತ ಹಾಕಿ ಅಧ್ಯಕ್ಷರನ್ನು ಆರಿಸಬೇಕು. ಒಂಬತ್ತು ಎಂಟು ಎಂದರೆ ಒಂದು ಕೈ ಆಚೆ ವಾಲಿದರೆ ಎಲ್ಲ ಮುಗಿದಂತೆ. ಚುನಾವಣಾಧಿಕಾರಿಯ ನೋಟಿಸು ಬಂದ ದಿನವೇ ನಮ್ಮ ಪಕ್ಷದ ತಾಲ್ಲೂಕು ಮುಖಂಡರು ಅಂಗಡಿಗೆ ಬಂದು, ಒಂಬತ್ತು ಜನರನ್ನೂ ಟೂರು ಕರೆದುಕೊಂಡು ಹೋಗಬೇಕು ಎಂದರು. ವಿಧಾನಸೌಧದವರು ರೆಸಾರ್ಟಿಗೆ ಹೋದಂತೆ ನಮ್ಮವರೂ ಹೋಗುವುದು ಈಗ ರೂಢಿ. ಮತದಾನದ ದಿನ ನೇರ ತಂದು ಸಭೆಯೊಳಗೆ ಇಳಿಸುವುದು. ಅಷ್ಟರವರೆಗೆ ಆ ಕಡೆಯವರ ಕೈಗೆ ಸಿಗದಂತೆ ನೋಡಿಕೊಳ್ಳುವುದು. ನಾನು ಒಪ್ಪಿದೆ. ಜೊತೆಗೆ ನನ್ನದೂ ಒಂದು ಸೇರಿಸಿದೆ. ಟೆಂಪೋ ಟ್ರಾವೆಲರ್ ಹತ್ತುವ ಮುಂಚೆ ಮಾದಪ್ಪನ ಗುಡಿಯ ಮುಂದೆ ಎಲ್ಲರೂ ಉರಿಯುವ ಕರ್ಪೂರದ ಮೇಲೆ ಕೈ ಇಟ್ಟು, ನನಗೇ ಮತ ಹಾಕುವುದಾಗಿ ಆಣೆ ಮಾಡಬೇಕು. ನಮ್ಮ ಸೀಮೆಯಲ್ಲಿ ಪೊಲೀಸರೆದುರು ಸುಳ್ಳು ಹೇಳುವವನೂ ಮಾದಪ್ಪನ ಕರ್ಪೂರದ ಮೇಲೆ ಸುಳ್ಳು ಹೇಳಲು ಹೆದರುತ್ತಾನೆ. ಒಂಬತ್ತರಲ್ಲಿ ನಾನೂ ಒಬ್ಬಳಾದ್ದರಿಂದ ನನಗೆ ನಾನೇ ಮತ ಹಾಕಿಕೊಳ್ಳುತ್ತೇನೆಂದು ನಾನೂ ಆಣೆ ಇಟ್ಟೆ. ಈಗ ನೆನೆದರೆ ನಗು ಬರುತ್ತದೆ, ಆಗ ಯಾರೂ ನಗಲಿಲ್ಲ.

ಕೊನೆಗೆ ಬಂದು ಕೈ ಇಟ್ಟವರು ಕೆಳಗಿನ ಬೀದಿಯ ಅಜ್ಜಿ. ಸಣ್ಣ ಈರುಳ್ಳಿ ಕೀಳಲು, ಚೆಂಡು ಹೂ ಬಿಡಿಸಲು ಕೂಲಿಗೆ ಹೋಗುವವರು. ಮೀಸಲು ಸ್ಥಾನಕ್ಕೆ ನಿಲ್ಲಲು ಯಾರೂ ಸಿಗದಿದ್ದಾಗ ನಾನೇ ಅವರ ಮನೆಯ ಜಗುಲಿ ಬಿಟ್ಟೇಳದೆ ಕೂತು ಒಪ್ಪಿಸಿದ್ದೆ. ಅವರು ಕೈಯನ್ನು ಕರ್ಪೂರಕ್ಕೆ ತೀರಾ ಹತ್ತಿರ ಇಟ್ಟು, ಬಿಸಿಗೆ ತಟ್ಟನೆ ಹಿಂದೆಳೆದುಕೊಂಡು, ಮತ್ತೆ ಇಟ್ಟರು.

ಆಮೇಲೆ ಎಲ್ಲರ ಫೋನು ಆಫ್ ಮಾಡಿಸಿ ನನ್ನ ಅಂಗಡಿಯ ಬಟ್ಟೆ ಚೀಲಕ್ಕೆ ಹಾಕಿಕೊಂಡೆ. ಮುಖಂಡರು, ವ್ಯಾನಿನ ಡ್ರೈವರು, ಇವರಿಬ್ಬರ ಬಳಿ ಮಾತ್ರ ಫೋನು. ಚೀಲ ನನ್ನ ತೊಡೆಯ ಮೇಲೆ. ಹಂಗಳ ದಾಟಿ, ಬಂಡೀಪುರದ ಕಾಡು ದಾಟಿ, ತಮಿಳುನಾಡಿನ ಗಡಿಯಾಚೆ ಮಸಿನಗುಡಿಯ ಒಂದು ಹೋಂಸ್ಟೇ ಸೇರಿದೆವು. ಮುಖಂಡರಿಗೆ ಆ ಜಾಗ ಇಷ್ಟವಾಗಲು ಕಾರಣವಿತ್ತು. ಕಾಡಿನ ರಸ್ತೆಗೆ ರಾತ್ರಿ ಒಂಬತ್ತಕ್ಕೆ ಗೇಟು ಬೀಳುತ್ತದೆ, ತೆಗೆಯುವುದು ಬೆಳಿಗ್ಗೆ ಆರಕ್ಕೇ. ಅಷ್ಟು ಹೊತ್ತು ಸರ್ಕಾರವೇ ನಮ್ಮ ಸದಸ್ಯರನ್ನು ಕಾಯುತ್ತದೆ ಎಂದು ಅವರು ಮೀಸೆ ತಿರುವಿದರು.

ಅಲ್ಲಿ ನನಗೆ ಇನ್ನೊಂದು ಕೆಲಸವಿತ್ತು. ಅಕ್ಷರಮಾಲೆಯ ಕ್ರಮದಲ್ಲಿ ಬರೆಯುವುದರಿಂದ ಮತಪತ್ರದಲ್ಲಿ ಮೇಲಿನ ಮನೆಯಲ್ಲಿ, ಅಂದರೆ ಚೌಕದಲ್ಲಿ, ನನ್ನ ಹೆಸರು, ಕೆಳಗಿನ ಮನೆಯಲ್ಲಿ ಸೊಸೆಯ ಹೆಸರು ಬರುತ್ತದೆ. ಹೆಸರಿನ ಎದುರಿನ ಮನೆಯೊಳಗೆ ಪೆನ್ನಿನಲ್ಲಿ ಇಂಟು ಮಾರ್ಕು ಹಾಕಬೇಕು. ಗೀಟು ಎರಡು ಮನೆಗೂ ತಾಗಿದರೆ, ಹೆಬ್ಬೆಟ್ಟು ಒತ್ತಿದರೆ, ಹೆಸರು ಬರೆದರೆ ಮತ ಕುಲಗೆಟ್ಟಿತು ಎಂದು ಪಕ್ಕಕ್ಕಿಡುತ್ತಾರೆ. ಒಂದು ಮತ ಕುಲಗೆಟ್ಟರೂ ಎಂಟು ಎಂಟು ಸಮವಾಗಿ ಚೀಟಿ ಎತ್ತಬೇಕಾಗುತ್ತದೆ. ಹಾಗಾಗಿ ಹಳೇ ಲಗ್ನಪತ್ರಿಕೆಗಳ ಹಿಂದೆ ಮನೆ ಎಳೆದು ಎಲ್ಲರಿಗೂ ಅಭ್ಯಾಸ ಮಾಡಿಸಿದೆ. ಅಜ್ಜಿ ಪೆನ್ನನ್ನು ಕುಡುಗೋಲಿನ ಹಾಗೆ ಮುಷ್ಟಿಯಲ್ಲಿ ಹಿಡಿಯುತ್ತಿದ್ದರು. ಮೊದಮೊದಲು ಗೀಟು ಮನೆ ದಾಟಿ, ಪತ್ರಿಕೆ ದಾಟಿ, ಮೇಜಿನ ಮೇಲೆಲ್ಲ ಹೋಯಿತು. ನಾನು ಗದರಿದೆ. ಅವರು ಬೇಸರಿಸಿಕೊಳ್ಳದೆ ಮತ್ತೆ ಮತ್ತೆ ಹಾಕಿದರು. ಕೊನೆಗೆ ಹುಣಸೆ ಬೀಜದಷ್ಟು ಪುಟ್ಟ ಇಂಟು ಮಾರ್ಕು ಮನೆಯ ನಡುಮಧ್ಯ ಕೂತಾಗ ನನ್ನನ್ನು ನೋಡಿ, "ಈಗ ಸರಿಯಾ ಕೂಸು?" ಎಂದರು. ನಾನು ಅವರ ಕೈ ಹಿಡಿದು ಮುತ್ತಿಟ್ಟೆ.

ಹೋಂಸ್ಟೇಯಲ್ಲಿ ದಿನ ಸವೆಯುವುದೇ ಕಷ್ಟವಾಯಿತು. ಮುಖಂಡರು ಊಟದ ಮುಂಚೆ ಒಂದು ಸಲ, ಊಟ ಆದ ಮೇಲೆ ಒಂದು ಸಲ ತಲೆ ಎಣಿಸುತ್ತಿದ್ದರು. ಗೇಟಿನ ಮುಂದೆ ಕರ್ನಾಟಕದ ನಂಬರಿನ ಕಾರು ನಿಂತರೆ ಸಾಕು, ಎಲ್ಲರನ್ನೂ ಒಳಗೆ ಅಟ್ಟುತ್ತಿದ್ದರು. ಗಂಡಸು ಸದಸ್ಯರು ಬೀಡಿ ಮುಗಿಯಿತೆಂದು ಗೊಣಗಿದರು. ಒಬ್ಬರ ಮೇಲೆ ಒಬ್ಬರಿಗೆ ಅನುಮಾನ. ನಾನಂತೂ ಯಾರಾದರೂ ಕಿಟಕಿಯ ಆಚೆ ಸ್ವಲ್ಪ ಹೊತ್ತು ನೋಡಿದರೆ, ಇವನಿಗೆ ಏನಾದರೂ ಸನ್ನೆ ಬಂತೇ ಎಂದು ಎದ್ದು ಹೋಗಿ ಅದೇ ಕಿಟಕಿಯಲ್ಲಿ ಇಣುಕುತ್ತಿದ್ದೆ.

ಮತದಾನದ ಹಿಂದಿನ ಸಂಜೆ ಡ್ರೈವರು ನನ್ನನ್ನು ಹಿತ್ತಲಿಗೆ ಕರೆದ. ಊರಿನಿಂದ ಅವನಿಗೆ ಫೋನು ಬಂದಿತ್ತು. ಹರದನಹಳ್ಳಿಯಲ್ಲಿದ್ದ ಅಜ್ಜಿಯ ಅಣ್ಣ ತೀರಿಕೊಂಡಿದ್ದರು. ಅಜ್ಜಿಗೆ ಉಳಿದಿದ್ದ ಒಬ್ಬನೇ ಒಡಹುಟ್ಟಿದವನು. ಬೆಳಿಗ್ಗೆ ಮಣ್ಣು, ತಂಗಿ ಬಂದು ಬಾಯಿಗೆ ಅಕ್ಕಿ ಹಾಕಲಿ ಎಂದು ಹೆಣ ಇಟ್ಟುಕೊಂಡು ಕಾಯುತ್ತಿದ್ದಾರೆ ಎಂದ.

ಮುಖಂಡರಿಗೆ ವಿಷಯ ಅಷ್ಟರಲ್ಲೇ ತಿಳಿದಿತ್ತು. ಅವರು ಅರೆಗಳಿಗೆಯೂ ಯೋಚಿಸಲಿಲ್ಲ. ನಾಳೆ ಮತ ಹಾಕಿಸಿ ಆಮೇಲೆ ತಿಳಿಸೋಣ, ಅಷ್ಟು ಹೊತ್ತಿಗೆ ಮಣ್ಣಾಗಿರುತ್ತದೆ, ಫೋನು ಸಿಗಲಿಲ್ಲ ಎಂದರಾಯಿತು ಎಂದರು. ಸತ್ತವನು ಹಳೇ ಅಧ್ಯಕ್ಷರ ಅರಿಶಿನದ ಹೊಲದಲ್ಲಿ ಬಹಳ ವರ್ಷ ಆಳಾಗಿ ದುಡಿದವನು. ಅವರು ಅಲ್ಲಿ ಬಂದು ಕೂತೇ ಇರುತ್ತಾರೆ, ಅಜ್ಜಿಯನ್ನು ಕಳಿಸಿದರೆ ಮತವನ್ನು ಹರಿವಾಣದಲ್ಲಿಟ್ಟು ಕೊಟ್ಟಂತೆ ಎಂದರು. ಮುಖಂಡರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ.

ನಾನು ಚೀಲ ಬಿಚ್ಚಿ ಅಜ್ಜಿಯ ಪುಟ್ಟ ಫೋನು ತೆಗೆದು ಆನ್ ಮಾಡಿದೆ. ತಪ್ಪಿದ ಕರೆಗಳ ಮೆಸೇಜುಗಳು ಒಂದರ ಹಿಂದೆ ಒಂದು ಬಿದ್ದವು. ಎಲ್ಲವೂ ಅಣ್ಣನ ಮಗನದು, ನಾವು ಊರು ಬಿಟ್ಟ ಮಾರನೇ ದಿನದಿಂದ. ಆ ಮನುಷ್ಯ ಬದುಕಿದ್ದಾಗಲೇ ತಂಗಿಯನ್ನು ಕೇಳಿದ್ದಾನೆ. ಅವನು ಕೇಳುತ್ತಿದ್ದಾಗ ಫೋನು ನನ್ನ ತೊಡೆಯ ಮೇಲಿತ್ತು. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ.

"ಮೇಡಂ, ಇಷ್ಟ್ ವರ್ಷ ಸೋತಿದ್ದೀರಿ. ಒಂದು ದಿನ ಬಾಯಿ ಮುಚ್ಕೊಂಡಿರಕಾಗಲ್ವಾ?" ಎಂದರು ಮುಖಂಡರು.

ನನಗೆ ಆಗಲಿಲ್ಲ. ಒಳಗೆ ಹೋಗಿ ಅಜ್ಜಿಯ ಪಕ್ಕ ಕೂತು ಹೇಳಿದೆ. ಅವರು ಅಳಲಿಲ್ಲ. ಸೀರೆಯ ಸೆರಗಿನಿಂದ ಬಾಯಿ ಒತ್ತಿಕೊಂಡು, ಯಾವಾಗ ಎಂದು ಕೇಳಿದರು. ಇವತ್ತು ಮಧ್ಯಾಹ್ನ ಎಂದೆ. ಅವನು ಕರೆದಿದ್ದನಾ ಎಂದು ಕೇಳಿದರು. ಹೌದೆಂದೆ. ಅವರು ಎದ್ದು ತಮ್ಮ ಬಟ್ಟೆಯ ಗಂಟು ಕಟ್ಟಿಕೊಂಡರು.

ಮುಖಂಡರು ವ್ಯಾನನ್ನಾಗಲಿ, ತಮ್ಮ ಜೀಪನ್ನಾಗಲಿ ಕೊಡಲಿಲ್ಲ. ಉಳಿದ ಏಳು ಜನರನ್ನು ತಾವು ಬೆಳಿಗ್ಗೆ ಗೇಟು ತೆಗೆದ ಕೂಡಲೇ ತರುವುದಾಗಿಯೂ, ಅಜ್ಜಿಯ ಜವಾಬ್ದಾರಿ ತಮಗೆ ಸೇರಿದ್ದಲ್ಲವೆಂದೂ ಎಲ್ಲರ ಮುಂದೆ ಹೇಳಿದರು. ಮಸಿನಗುಡಿಯಲ್ಲಿ ಪ್ರವಾಸಿಗಳನ್ನು ಸುತ್ತಿಸುವ ಜೀಪಿನವರನ್ನು ಒಬ್ಬೊಬ್ಬರನ್ನಾಗಿ ಕೇಳಿದೆ. ಈ ಹೊತ್ತಿಗೆ ಕರ್ನಾಟಕಕ್ಕೆ ಬಂದರೆ ರಾತ್ರಿ ವಾಪಸ್ ಬರಲಾಗದು ಎಂದು ಎಲ್ಲರೂ ತಲೆ ಅಲ್ಲಾಡಿಸಿದರು. ಕೊನೆಗೆ ಗುಂಡ್ಲುಪೇಟೆಯಲ್ಲಿ ಅಕ್ಕನ ಮನೆ ಇದ್ದ ಒಬ್ಬ, ಸಾವು ಎಂದ ಮೇಲೆ ಎದ್ದ. ಅಷ್ಟರಲ್ಲಿ ಕತ್ತಲಾಗಿತ್ತು. ಗಡಿಯ ಚೆಕ್‌ಪೋಸ್ಟು ತಲುಪಿದಾಗ ಲಾರಿ, ಕಾರುಗಳ ಸಾಲು. ಕಾವಲುಗಾರ ಗೇಟಿನ ಹಗ್ಗ ಕೈಯಲ್ಲಿ ಹಿಡಿದೇ ನಿಂತಿದ್ದ. ಮುಂದಿನ ಕಾರಿನ ಹಿಂದೆಯೇ ಅಂಟಿಕೊಂಡಂತೆ ನಮ್ಮ ಜೀಪು ನುಸುಳಿತು. ಹಿಂದೆ ಗೇಟು ಇಳಿದ ಸದ್ದು ಕೇಳಿತು.

ನಾನು ಫೋನು ಮಾಡಿ ಹೇಳಿದ್ದರಿಂದ ಗುಂಡ್ಲುಪೇಟೆಯಲ್ಲಿ ನನ್ನ ಗಂಡ ಗೂಡ್ಸ್ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದರು. ತೆರಕಣಾಂಬಿ, ಚಾಮರಾಜನಗರ ದಾಟಿ ಹರದನಹಳ್ಳಿ ಮುಟ್ಟಿದೆವು. ಸಾವಿನ ಮನೆಯ ಮುಂದೆ ಶಾಮಿಯಾನ ಎದ್ದಿತ್ತು. ಕುರ್ಚಿ, ಟ್ಯೂಬ್‌ಲೈಟು, ಹೆಣಕ್ಕೆ ಐಸ್ ಪೆಟ್ಟಿಗೆ, ಬಂದವರಿಗೆ ಕಾಫಿ ಎಲ್ಲ ಇತ್ತು. ಬಾಗಿಲ ಪಕ್ಕದಲ್ಲಿ ಹಳೇ ಅಧ್ಯಕ್ಷರು ಹೆಗಲ ಮೇಲೆ ಟವೆಲು ಹಾಕಿಕೊಂಡು, ಯಾರು ಎಲ್ಲಿ ಕೂರಬೇಕು, ಗುಂಡಿ ತೋಡಲು ಯಾರು ಹೋಗಬೇಕು ಎಂದು ಮೆಲ್ಲಗೆ ಹೇಳುತ್ತಿದ್ದರು. ಕಾಯಿಲೆಯವನನ್ನು ಜಿಲ್ಲಾಸ್ಪತ್ರೆಗೆ ಸೇರಿಸಿದ್ದೂ ಅವರ ಕಾರಿನಲ್ಲೇ ಎಂದು ಅಣ್ಣನ ಮಗ ಹೇಳಿದ.

ಅಲ್ಲಿ ನಿಂತು ನನಗೆ ಅರ್ಥವಾದದ್ದನ್ನು ನನ್ನ ಪಕ್ಷದ ಯಾವ ಸಭೆಯಲ್ಲೂ ಯಾರೂ ಹೇಳಿರಲಿಲ್ಲ. ಅಷ್ಟು ವರ್ಷ ಅವರು ಗೆದ್ದದ್ದು ಬರೀ ದಬ್ಬಾಳಿಕೆಯಿಂದ ಎಂದು ನಾವು ಭಾಷಣ ಮಾಡಿಕೊಂಡು ಬಂದಿದ್ದೆವು. ನಾವು ಭಾಷಣ ಮಾಡುತ್ತಿದ್ದಾಗ ಆ ಮನುಷ್ಯ ಸಾವಿಗೆ ಹೋಗುತ್ತಿದ್ದರು. ಯಾರ ಮನೆಯಲ್ಲಿ ಯಾವ ಹೊತ್ತಿನಲ್ಲಿ ಸತ್ತರೂ ಮೊದಲು ಬರುವ ಹೊರಗಿನವರು ಅವರೇ. ಆಮೇಲೆ ಆ ಋಣವನ್ನು ಒಂದೊಂದಾಗಿ ವಸೂಲು ಮಾಡುವವರೂ ಅವರೇ. ಅವರ ಮೇಲಿದ್ದ ಕೋಪ ಇಳಿಯಲಿಲ್ಲ, ಆದರೆ ನಮ್ಮ ಮೇಲೂ ಅಷ್ಟೇ ಕೋಪ ಬಂತು.

ಹೆಂಗಸರ ನಡುವೆ ಸೊಸೆಯೂ ಇದ್ದಳು. ಹಳೇ ಅಧ್ಯಕ್ಷರೇ ಕರೆತಂದು ಕೂರಿಸಿದ್ದರು. ನನ್ನನ್ನು ನೋಡಿ ಸ್ವಲ್ಪ ಸರಿದು ಚಾಪೆಯ ಮೇಲೆ ಜಾಗ ಬಿಟ್ಟಳು. ಎದುರಾಳಿಗಳಿಬ್ಬರೂ ಒಂದೇ ಚಾಪೆಯ ಮೇಲೆ ಹೆಣದ ಪಕ್ಕದಲ್ಲಿ ಬೆಳಗು ಕಾದೆವು. ಆಕೆ ಒಂದು ಸಲ ಎದ್ದು ಹೋಗಿ ನನಗೆ ಕಾಫಿ ತಂದುಕೊಟ್ಟಳು.

ಬೆಳಿಗ್ಗೆ ಹೆಣಕ್ಕೆ ನೀರು ಹಾಕಿ, ಚಟ್ಟ ಕಟ್ಟಿ, ಬಾಯಿಗೆ ಅಕ್ಕಿ ಹಾಕಲು ನೆಂಟರನ್ನು ಕರೆದರು. ಅಜ್ಜಿ ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ಬಗ್ಗಿದ್ದಷ್ಟೇ, ಹಳೇ ಅಧ್ಯಕ್ಷರು ಮುಂದೆ ಬಂದು ಹೆಣದ ತಲೆಯ ಹತ್ತಿರ ನಿಂತರು. ದನಿ ಏರಿಸಲಿಲ್ಲ.

"ನಿಮ್ಮಣ್ಣ ಸಾಯಗಂಟ ನಮ್ ಕೈ ಬುಟ್ಟೋನಲ್ಲ ಕಣವ್ವ. ಅಂವ ಮಣ್ಗ ಓಗಕ್ ಮುಂಚ, ಅವ್ನ್ ಮುಂದ್ಗಡ ನಂಗೊಂದ್ ಮಾತ್ ಕೊಟ್ಬುಡು."

ತಮಟೆ ನಿಂತಿತು. ಅಜ್ಜಿಯ ಅಂಗೈ ಅಕ್ಕಿ ಸಮೇತ ಹಾಗೇ ತಡೆಯಿತು. ಒಂದು ಕಡೆ ಮಾದಪ್ಪನ ಕರ್ಪೂರದ ಮೇಲೆ ಇಟ್ಟ ಆಣೆ, ಇನ್ನೊಂದು ಕಡೆ ಒಡಹುಟ್ಟಿದವನ ಹೆಣ. ಅವರು ತಲೆ ಎತ್ತಿ ನೋಡಿದ್ದು ಹಳೇ ಅಧ್ಯಕ್ಷರನ್ನಲ್ಲ, ನನ್ನನ್ನು. ಆ ಕಣ್ಣಿನಲ್ಲಿ ಬರೀ ಹೆದರಿಕೆ ಇತ್ತು. ಯಾವುದನ್ನು ಮುರಿದರೂ ಒಂದು ಶಾಪ ತಲೆಗೆ ಕಟ್ಟಿದ್ದೇ ಎಂದು ನಂಬುವ ಹೆಂಗಸು. ಒಂದು ಕಟ್ಟು ನಾನು ಹಾಕಿದ್ದು, ಇನ್ನೊಂದನ್ನು ಹಳೇ ಅಧ್ಯಕ್ಷರು ಹಾಕುತ್ತಿದ್ದರು. ನಾವಿಬ್ಬರೂ ಮಾಡುತ್ತಿದ್ದ ಕೆಲಸ ಒಂದೇ ಎಂದು ನನಗೆ ಹೊಳೆದು ಮೈ ಉರಿಯಿತು.

ನಮ್ಮಲ್ಲಿ ಆಣೆ ಇಡಿಸಿದವರೇ ಅದನ್ನು ಬಿಡಿಸಬಹುದು. ಅರಿಶಿನದ ಬಟ್ಟೆಯಲ್ಲಿ ದೇವರಿಗೆ ತಪ್ಪುಕಾಣಿಕೆ ಕಟ್ಟಿ, ಅದರ ಹೊರೆ ತನ್ನ ಮೇಲಿರಲಿ ಎಂದು ಹೇಳಬೇಕು. ಹೆಣಕ್ಕೆಂದು ತಂದಿದ್ದ ಅರಿಶಿನದ ಬಟ್ಟಲಲ್ಲಿ ನನ್ನ ಕರವಸ್ತ್ರ ಅದ್ದಿ, ಗಂಡನಿಂದ ಒಂದು ನಾಣ್ಯ ಇಸಿದುಕೊಂಡು ಕಟ್ಟಿದೆ. ಗಂಟು ಎರಡು ಸಲ ಜಾರಿತು.

"ಅವ್ವ, ನಾನ್ ಇಡಿಸಿದ್ ಆಣೆ ನಾನೇ ಬಿಡಿಸ್ದೆ. ತಪ್ಪೇನಿದ್ರೂ ಮಾದಪ್ಪ ನನ್ ತಲೆ ಮೇಲ್ ಹಾಕ್ಲಿ. ನಿಮ್ಗ್ ಬೇಕಾದೋರ್ಗೆ ಹಾಕಿ" ಎಂದೆ.

ಗುಂಪಿನಲ್ಲಿ ಗುಸುಗುಸು ಎದ್ದಿತು. ನನ್ನ ಗಂಡ ಹಣೆ ಒತ್ತಿಕೊಂಡರು. ಹಳೇ ಅಧ್ಯಕ್ಷರ ಮುಖದಲ್ಲಿ ಸಣ್ಣ ನಗು ಬಂತು, ಆದರೆ ಅವರು ಹೇಳಿದ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ. ಅಜ್ಜಿ "ಮೊದ್ಲು ಮಣ್ಣಾಗ್ಲಿ" ಎಂದಷ್ಟೇ ಹೇಳಿ ಅಣ್ಣನ ಬಾಯಿಗೆ ಅಕ್ಕಿ ಹಾಕಿದರು.

ಮಣ್ಣಾಗುವವರೆಗೆ ನಾನು ಕಾಯುವಂತಿರಲಿಲ್ಲ. ನಾಮಪತ್ರವನ್ನು ಹೊತ್ತಿಗೆ ಸರಿಯಾಗಿ ಅಧಿಕಾರಿಯ ಕೈಗೆ ಕೊಡಬೇಕು, ತಡವಾದರೆ ಎದುರಾಳಿ ಅವಿರೋಧವಾಗಿ ಗೆದ್ದಂತೆ. ಅಜ್ಜಿ ಅಕ್ಕಿ ಹಾಕಿದ ಕೂಡಲೇ ಸೊಸೆಯನ್ನು ಅವರ ಕಡೆಯವನೊಬ್ಬ ಬೈಕಿನಲ್ಲಿ ಕರೆದೊಯ್ದಿದ್ದ. ಅಜ್ಜಿಯನ್ನು ಅಲ್ಲೇ, ಹಳೇ ಅಧ್ಯಕ್ಷರ ಕೈಯಲ್ಲೇ ಬಿಟ್ಟು ನಾನು ಹೊರಡಬೇಕಾಯಿತು. ಗಂಡ ಗೂಡ್ಸ್ ಆಟೋ ಓಡಿಸಿದರು. ತೆರಕಣಾಂಬಿ ಹತ್ತಿರ, ನೀನು ಮಾಡಿದ್ದು ಸರಿ, ಆದರೆ ಸೋತೆವು ಎಂದರು. ನನಗೂ ಹಾಗೇ ಅನಿಸಿತ್ತು.

ಪಂಚಾಯಿತಿ ಕಚೇರಿಯ ಮುಂದೆ ಪೊಲೀಸು, ಜನ, ಎರಡೂ ಕಡೆಯ ಹಾರಗಳು. ನಮ್ಮ ಏಳು ಜನ ಕಾಡು ದಾಟಿ ಬಂದಿದ್ದರು. ನಾಮಪತ್ರ ಕೊಟ್ಟೆ, ಪರಿಶೀಲನೆ ಆಯಿತು, ಹಿಂತೆಗೆಯುವ ಹೊತ್ತು ಕಳೆಯಿತು. ಉಪಾಧ್ಯಕ್ಷರ ಸ್ಥಾನದ್ದು ಬೇರೆ ಕತೆ, ಅದು ಇಲ್ಲಿ ಬೇಡ. ಅಜ್ಜಿ ಇನ್ನೂ ಬಂದಿರಲಿಲ್ಲ. ಬಾಗಿಲು ಹಾಕುವ ಹೊತ್ತು ಹತ್ತಿರವಾದಾಗ ಒಂದು ಕಾರು ಬಂದು ನಿಂತಿತು. ಹಳೇ ಅಧ್ಯಕ್ಷರ ಕಾರು. ಹಿಂದಿನ ಬಾಗಿಲು ತೆಗೆದು ಅಜ್ಜಿ ಇಳಿದರು. ಮಣ್ಣು ಹಾಕಿ ಮಿಂದು ಬಂದ ತಲೆ ಇನ್ನೂ ಒದ್ದೆ, ಸೀರೆ ಮೈಗೆ ಅಂಟಿತ್ತು.

ನಮ್ಮ ಮುಖಂಡರು ನನ್ನ ತೋಳು ಹಿಡಿದು ಮೂಲೆಗೆ ಎಳೆದರು. ವೇದಿಕೆಯ ಮೇಲೆ ಮೂಢನಂಬಿಕೆಯ ವಿರುದ್ಧ ಗಂಟೆಗಟ್ಟಲೆ ಮಾತಾಡುವ ಮನುಷ್ಯ. ಅಜ್ಜಿಗೆ ಸೂತಕ ಇದೆ, ಒಳಗೆ ಗಣಪತಿಯ ಪಟಕ್ಕೆ ಪೂಜೆಯಾಗಿದೆ, ಸೂತಕದವರು ಬರಬಾರದು ಎಂದು ನಮ್ಮವರಿಂದ ಗಲಾಟೆ ಎಬ್ಬಿಸುತ್ತೇನೆ, ಅಜ್ಜಿ ಹೆದರಿ ಹೊರಗೇ ಉಳಿಯುತ್ತಾಳೆ, ಎಂಟು ಎಂಟಾದರೆ ಚೀಟಿಯಲ್ಲಾದರೂ ಗೆಲ್ಲಬಹುದು ಎಂದರು. ಕೆಟ್ಟ ಲೆಕ್ಕವೇನಲ್ಲ. ಅಜ್ಜಿ ಒಳಗೆ ಬಂದರೆ ಸೋಲು ಖಂಡಿತ, ಬರದಿದ್ದರೆ ಅರ್ಧ ಆಸೆ. ಒಂದು ಗಳಿಗೆ ನನಗೆ ಆಸೆ ಆಯಿತು.

ಅಜ್ಜಿ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಒಳಗೆ ಬರಬಹುದೋ ಬಾರದೋ ಎಂದು ತಿಳಿಯದೆ ನಿಂತಿದ್ದರು. ನಮ್ಮ ಕಡೆಯ ಒಬ್ಬ ಆಗಲೇ ಸೂತಕ ಎಂದು ಕೂಗಿದ್ದ. ನಾನು ಮುಖಂಡರ ಕೈ ಕೊಡವಿ ಕೆಳಗಿಳಿದು ಹೋಗಿ ಅಜ್ಜಿಯ ಕೈ ಹಿಡಿದೆ. ಅಧಿಕಾರಿ ಬಾಗಿಲಿಗೆ ಬಂದು, ಸದಸ್ಯರೆಂದ ಮೇಲೆ ಸೂತಕ ಗೀತಕ ಯಾವುದೂ ತಮ್ಮ ನಿಯಮದಲ್ಲಿಲ್ಲ, ಒಳಗೆ ಕಳಿಸಿ ಎಂದರು. ಮುಖಂಡರು ಎಲ್ಲರಿಗೂ ಕೇಳುವ ಹಾಗೆ ನನ್ನನ್ನು ಬೈದು ಹೊರಗೆ ಹೋದರು.

ಒಬ್ಬೊಬ್ಬರೇ ಪರದೆಯ ಹಿಂದೆ ಹೋಗಿ ಬಂದೆವು. ಅಜ್ಜಿ ಬೇಗ ಬಂದರು. ಪೆನ್ನು ಹಿಡಿಯಲು ತಡಕಾಡಲಿಲ್ಲ ಎಂದು ಅದರಿಂದ ತಿಳಿಯಿತು. ಸೊಸೆ ಸ್ವಲ್ಪ ಹೊತ್ತು ತೆಗೆದುಕೊಂಡಳು. ಅಧಿಕಾರಿ ಡಬ್ಬಿಯನ್ನು ಮೇಜಿನ ಮೇಲೆ ಮಗುಚಿ, ಒಂದೊಂದೇ ಮತಪತ್ರ ಬಿಡಿಸಿ, ಹಿಂಬದಿಯ ತಮ್ಮ ಸಹಿ ನೋಡಿ, ಎರಡು ಕಡೆ ಜೋಡಿಸಿದರು. ಕುಲಗೆಟ್ಟ ಮತ ಇರಲಿಲ್ಲ. ಎರಡು ಸಲ ಎಣಿಸಿದರು. ನನಗೆ ಒಂಬತ್ತು, ಸೊಸೆಗೆ ಎಂಟು.

ಹೊರಗೆ ಪಟಾಕಿ ಹೊಡೆದರು. ಬೈದು ಹೋಗಿದ್ದ ಮುಖಂಡರು ಓಡಿ ಬಂದು ಮೊದಲ ಹಾರ ಹಾಕಿದರು. ನಾನು ಹಾರ ತೆಗೆದು ಅಜ್ಜಿಯನ್ನು ಹುಡುಕಿದೆ. ನೀರಿನ ಟ್ಯಾಂಕಿನ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಕಾಲು ಮುಟ್ಟಲು ಬಗ್ಗಿದವಳನ್ನು ಅವರು ತಡೆದರು.

"ನಂಗ್ಯಾಕ್ ಕೂಸು? ನಾ ಕೆಳಗಿನ್ ಮನಗೇ ಆಕ್ದಿ. ನೀ ಕಲ್ಸಿದಂಗೇ, ಗೀಟ್ ಆಚ್ಗ ಓಗ್ನಿಲ್ಲ" ಎಂದರು. ಒದ್ದೆ ಸೆರಗು ಹಿಂಡಿಕೊಳ್ಳುತ್ತಾ, "ನಮ್ಮಣ್ಣನ್ ಆಸ್ಪತ್ರಗ ಸೇರ್ಸಿದ್ದು ಆವಯ್ಯ. ಆ ಋಣ ನಾ ತೀರ್ಸ್ಬುಟ್ಟಿ. ಇನ್ನು ಆವಯ್ಯನೂ ನನ್ ಕೇಳಂಗಿಲ್ಲ" ಎಂದರು.

ನಾನು ಅಲ್ಲೇ ಕೂತೆ. ಅಜ್ಜಿಯ ಮತ ಅತ್ತ ಹೋಗಿದ್ದರೆ ನನಗೆ ಬಂದದ್ದು ಎಂಟೇ ಆಗಬೇಕಿತ್ತು. ಅಂದರೆ ಒಂಬತ್ತನೆಯದು ಅವರ ಎಂಟು ಜನರಲ್ಲಿ ಒಬ್ಬರದು. ಯಾರದೆಂದು ನನಗೆ ಗೊತ್ತಾಗಲಿಲ್ಲ. ಹಳೇ ಅಧ್ಯಕ್ಷರಿಗೂ ಈ ಲೆಕ್ಕ ತಿಳಿಯಲು ಹೊತ್ತಾಗಲಿಲ್ಲ, ಏಕೆಂದರೆ ಅಜ್ಜಿ ಅವರಿಗೂ ಹೀಗೇ ನೇರ ಹೇಳಿದ್ದರು.

ನನ್ನ ಅಧ್ಯಕ್ಷತೆಯ ಮೊದಲ ಸಾಮಾನ್ಯ ಸಭೆ. ಪಂಚಾಯಿತಿಯ ಅಧಿಕಾರಿ ಪಿಡಿಒ ಹಾಜರಿ ಪುಸ್ತಕ ತೆರೆಯುವಷ್ಟರಲ್ಲಿ ಹಳೇ ಅಧ್ಯಕ್ಷರು ಬಾಗಿಲು ತಳ್ಳಿ ಒಳಗೆ ಬಂದರು. ಸದಸ್ಯರಲ್ಲ, ಆದರೂ ಅಷ್ಟು ವರ್ಷ ಬಂದ ಕೋಣೆ, ತಡೆಯಲು ಯಾರಿಗೂ ತೋಚಲಿಲ್ಲ. ಅವರ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಮಾದಪ್ಪನ ಪಟ ಮತ್ತು ಕರ್ಪೂರ. ತಟ್ಟೆಯನ್ನು ಮೇಜಿನ ಮೇಲಿಟ್ಟು ಹಚ್ಚಿದರು. ತಮ್ಮ ಕಡೆಯ ಏಳು ಜನರ ಹೆಸರು ಹಿಡಿದು ಕರೆದು, ಒಬ್ಬೊಬ್ಬರಾಗಿ ಬಂದು ಆಣೆ ಇಡಿ, ಉಂಡ ಮನೆಗೆ ಎರಡು ಬಗೆದವನು ಯಾರೆಂದು ಊರಿಗೆ ಗೊತ್ತಾಗಲಿ ಎಂದರು. ಮೊದಲು ಕರೆದದ್ದು ಒಬ್ಬ ವಯಸ್ಸಾದ ಸದಸ್ಯರನ್ನು; ಅವರ ಮೇಲೇ ಅನುಮಾನ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಮತದಾನದ ದಿನದಿಂದ ಅವರ ಮನೆಗೆ ಯಾರೂ ಹೋಗುತ್ತಿರಲಿಲ್ಲ. ಆ ಮನುಷ್ಯ ಎದ್ದು ನಿಂತರು. ಎಂಟನೆಯವಳಾದ ಸೊಸೆಯ ಹೆಸರನ್ನು ಮಾತ್ರ ಹಳೇ ಅಧ್ಯಕ್ಷರು ಕರೆಯಲಿಲ್ಲ. ತನಗೆ ತಾನೇ ಮತ ಹಾಕಿಕೊಳ್ಳದವರು ಇರುತ್ತಾರೆಂದು ಅವರಿಗಾಗಲಿ ನನಗಾಗಲಿ ಹೊಳೆದಿರಲಿಲ್ಲ.

ನಾನು ಪೊಲೀಸರನ್ನು ಕರೆಸುತ್ತೇನೆಂದು ಬಾಯಿ ತೆರೆಯುವಷ್ಟರಲ್ಲಿ ಸೊಸೆ ಎದ್ದಳು.

"ಮಾವ, ಅವ್ರನ್ನ ಬಿಡಿ. ಆ ವೋಟು ನಂದು."

ಹಳೇ ಅಧ್ಯಕ್ಷರಿಗೆ ಅದು ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ. ಏನಂದೆ ಎಂದು ಮತ್ತೆ ಕೇಳಿದರು. ಆಕೆ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು, ದನಿ ಮಾತ್ರ ನಡುಗಲಿಲ್ಲ. ಆ ಕುರ್ಚಿಯಲ್ಲಿ ಕೂರುವುದು ತಾನಲ್ಲ, ತನಗೆ ಬರುವುದು ಸಹಿ ಹಾಕುವ ಪೆನ್ನು ಮಾತ್ರ ಎಂದು ಮೊದಲೇ ಗೊತ್ತಿತ್ತು ಎಂದಳು. ಆದರೂ ಹಾಗೆ ಹಾಕಬೇಕೆಂದು ಮನಸ್ಸಿನಲ್ಲಿರಲಿಲ್ಲ ಎಂದಳು.

"ಆವತ್ತು ಸಾವಿನ ಮನೇಲಿ ಈ ಅಕ್ಕ ಅಜ್ಜೀನ ಆಣೆಯಿಂದ ಬಿಟ್ಬುಟ್ರು. ಸೋಲ್ತೀನಿ ಅಂತ ಗೊತ್ತಿದ್ದೂ ಬಿಟ್ಬುಟ್ರು. ನಮ್ಮನೇಲಿ ಯಾರ್ನೂ ಹಂಗ್ ಬಿಡಲ್ಲ ಮಾವ."

ಹಳೇ ಅಧ್ಯಕ್ಷರು ಸೊಸೆಯನ್ನು ನೋಡಿದರು, ನನ್ನನ್ನು ನೋಡಿದರು, ತಟ್ಟೆಯನ್ನು ಅಲ್ಲೇ ಬಿಟ್ಟು ಹೊರಗೆ ನಡೆದರು. ಆ ಸಂಜೆ ಆಕೆಗೆ ಮನೆಯಲ್ಲಿ ಏನು ಕಾದಿದೆಯೋ ಎಂದು ನನಗೆ ಭಯವಾಯಿತು. ಆಕೆಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು, ಆದರೂ ಕೂತಳು. ವಯಸ್ಸಾದ ಸದಸ್ಯರು ಟವೆಲಿನಿಂದ ಕಣ್ಣೊರೆಸಿಕೊಂಡರು. ಕೆಳಗಿನ ಬೀದಿಯ ಅಜ್ಜಿ ತಮ್ಮ ಜಾಗ ಬಿಟ್ಟೆದ್ದು ಹೋಗಿ ಆಕೆಯ ಪಕ್ಕದ ಕುರ್ಚಿಯಲ್ಲಿ ಕೂತರು. ಮೇಜಿನ ಮೇಲೆ ಯಾರೂ ಕೈ ಇಡದ ಕರ್ಪೂರ ತಾನಾಗಿ ಉರಿದು ಆರಿತು.

ನಾನು ಸಭೆ ಶುರು ಮಾಡಿ ಎಂದೆ. ಪಿಡಿಒ ಹಾಜರಿ ಪುಸ್ತಕವನ್ನು ಸುತ್ತ ಕಳಿಸಿದರು. ಎಲ್ಲರೂ ಎಂದಿನಂತೆ ತಮ್ಮ ಹೆಸರಿನ ಮುಂದೆ ಸಹಿ ಹಾಕಿ ಪಕ್ಕಕ್ಕೆ ತಳ್ಳಿದರು. ಸೊಸೆಯ ಮುಂದೆ ಬಂದಾಗ ಪುಸ್ತಕ ಅಲ್ಲೇ ನಿಂತಿತು. ಆಕೆ ಆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಓದಿದಳು. ಆಮೇಲೆ ಸಹಿ ಹಾಕಿದಳು.